ಕಾಲುವೆ ತಿರುವಿನ ಫಿಯಾಟ್

ಸಿರುಗುಪ್ಪದ ಅಕ್ಕಿ ಗಿರಣಿ ಮಾಲೀಕ ವಿರೂಪಾಕ್ಷಪ್ಪನವರ ಮಗ ಶಶಿಕಾಂತ್ 2023ರ ಅಕ್ಟೋಬರ್ 25ರಂದು, ವಿಜಯದಶಮಿಯ ಮರುದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕುರುಗೋಡಿನ ಹತ್ತಿರ ಕಾಲುವೆ ಸೇತುವೆಯ ತಿರುವಿನಲ್ಲಿ ತೀರಿಕೊಂಡರು. ವಯಸ್ಸು ನಲವತ್ತೊಂದು. ಅವರು ಓಡಿಸುತ್ತಿದ್ದದ್ದು 1960ರ ಫಿಯಾಟ್ 1200, ಎರಡು ಸೀಟಿನ, ಮೇಲಿನ ಹೊದಿಕೆಯನ್ನು ಹಿಂದಕ್ಕೆ ಮಡಚಬಹುದಾದ ಇಟಲಿಯ ಸ್ಪೋರ್ಟ್ಸ್ ಕಾರು. ಅದು ಸೇತುವೆಯ ಕಟ್ಟೆಗೆ ಬಡಿದು ಪಕ್ಕದ ಭತ್ತದ ಗದ್ದೆಗೆ ಇಳಿದಿತ್ತು. ಪೊಲೀಸರ ಸ್ಥಳ ಮಹಜರಿನಲ್ಲಿ ಒಂದು ಸಾಲು ಹೀಗಿತ್ತು: ರಸ್ತೆಯ ಮೇಲೆ ಬ್ರೇಕ್ ಹಾಕಿದ ಟೈರಿನ ಗುರುತು ಕಂಡುಬಂದಿರುವುದಿಲ್ಲ.

ಉಳಿದ ಮಾತುಗಳೆಲ್ಲ ಹುಟ್ಟಿದ್ದು ಆ ಒಂದು ಸಾಲಿನಿಂದ. ಶಶಿಕಾಂತ್ ಅವರ ಹೆಂಡತಿ ಶೀಲಾ ಅಪಘಾತಕ್ಕೆ ನಾಲ್ಕು ದಿನ ಮುಂಚೆ ಕುರುಗೋಡಿನ ತವರಿಗೆ ಹೋಗಿದ್ದರು. ಹಬ್ಬಕ್ಕೆ ಯಾರ ಮನೆಯಲ್ಲಿ ಎಷ್ಟು ದಿನ ಇರಬೇಕು ಎಂಬ ಬಗ್ಗೆ ಗಂಡ ಹೆಂಡಿರ ನಡುವೆ ಜಗಳವಾಗಿತ್ತು. ಅವರನ್ನು ಕರೆತರಲೆಂದೇ ಶಶಿಕಾಂತ್ ಹೊರಟಿದ್ದರು. ತಿರುವಿನಲ್ಲಿ ಬ್ರೇಕ್ ಹಾಕದವನು ಸಾಯಬೇಕೆಂದೇ ಹೋಗಿರಬೇಕು ಎಂದು ಸಿರುಗುಪ್ಪದಲ್ಲಿ ಜನ ಮಾತಾಡಿಕೊಂಡರು. ಹನ್ನೊಂದನೆಯ ದಿನ ಶಶಿಕಾಂತ್ ಅವರ ತಾಯಿ ಕೊಟ್ರಮ್ಮ ಅದೇ ಮಾತನ್ನು ಸೊಸೆಯ ಮುಖದ ಮೇಲೆ ಹೇಳಿದರು. ಶೀಲಾ ಅವತ್ತೇ ತವರಿಗೆ ವಾಪಸಾದರು. ಕುರುಗೋಡಿನ ಪ್ರಾಥಮಿಕ ಶಾಲೆಯಲ್ಲಿ ಅವರಿಗೆ ಕೆಲಸವಿತ್ತು, ಅಲ್ಲೇ ಉಳಿದರು. ವಿರೂಪಾಕ್ಷಪ್ಪ ಯಾರಿಗೂ ಏನೂ ಹೇಳಲಿಲ್ಲ.

ಕಾರು ಪೊಲೀಸ್ ಠಾಣೆಯಿಂದ ಗಿರಣಿಯ ಅಂಗಳಕ್ಕೆ ಬಂದು ತಾಡಪಾಲಿನ ಕೆಳಗೆ ಒಂದು ವರ್ಷ ನಿಂತಿತ್ತು. 2025ರ ಫೆಬ್ರವರಿಯಲ್ಲಿ ವಿರೂಪಾಕ್ಷಪ್ಪ ಅದನ್ನು ಲಾರಿಯಲ್ಲಿ ಹಾಕಿಸಿ ಬಳ್ಳಾರಿಯ ಕೌಲ್ ಬಜಾರಿಗೆ, ವಾಲ್ಮೀಕಿಯವರ ಗ್ಯಾರೇಜಿಗೆ ತಂದರು. ವಾಲ್ಮೀಕಿ ಐವತ್ತೆಂಟು ವರ್ಷದವರು. ಹಳೆಯ ಫಿಯಾಟ್, ಅದರದೇ ದೇಶೀ ರೂಪವಾದ ಪದ್ಮಿನಿ ಕಾರು ಬಿಚ್ಚಿ ಕೂಡಿಸುವವರು ಜಿಲ್ಲೆಯಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ವಾಲ್ಮೀಕಿ ಗಾಡಿಯನ್ನು ಎರಡು ಸುತ್ತು ಹಾಕಿದರು. ಮುಂಭಾಗ ಒಳಕ್ಕೆ ಮಡಚಿಕೊಂಡಿತ್ತು. ಗಾಜು ಇರಲಿಲ್ಲ.

"ಸಾವ್ಕಾರ್ರ, ಇದು ಮಾರಾಕೋ, ಓಡಸಾಕೋ?"

"ಎರಡಕ್ಕೂ ಅಲ್ಲ."

"ಮತ್ತ್ಯಾಕ್ರಿ?"

"ಹೆಂಗಿತ್ತೋ ಹಂಗ ಮಾಡು. ದಿನಾ ಮುಂಜಾನೆ ಎದ್ದು ಹಿಂಗ ನೋಡಾಕ ಆಗವಲ್ದು."

ಪಕ್ಕದ ಅಂಗಡಿಯಲ್ಲಿ ಗಾಡಿಗಳ ವೈರಿಂಗ್ ಮಾಡುವ ಪ್ರದೀಪ ಎದ್ದು ಬಂದು ಇಣುಕಿದರು. ಅಪಘಾತದ ವಿಷಯ ಅವರಿಗೆ ಗೊತ್ತಿರಲಿಲ್ಲ.

"ವಾಲ್ಮೀಕಣ್ಣ, ಏನಿದು, ನಿನ್ನ ಪದ್ಮಿನಿಗೆ ಅಕ್ಕ ಬಂದಂಗೈತಿ?"

"ಅಕ್ಕ ಅಲ್ಲಲೇ, ದೊಡ್ಡವ್ವನ ಮಗಳು. ಇಟಲ್ಯಾಗ ಹುಟ್ಟ್ಯಾಳ."

"ಸ್ಟೇರಿಂಗ್ ಎಡಕ್ಕೈತಿ! ಮೋತಿ ಸರ್ಕಲ್‍ನ್ಯಾಗ ಹೊಂಟ್ರ ಡ್ರೈವರ್ ಇಲ್ದ ಗಾಡಿ ಬಂತು ಅಂತ ಜನ ಓಡ್ತಾರ."

ವಿರೂಪಾಕ್ಷಪ್ಪ ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಗಾಡಿಯನ್ನು ಯಾವ ಕಡೆ ಇಳಿಸಬೇಕೆಂದು ಲಾರಿಯವನಿಗೆ ತೋರಿಸಿದರು.

ಈ ಕಾರು ಯಾವುದೋ ಸಂಸ್ಥಾನದ ರಾಜರದು ಎಂದು ವಿರೂಪಾಕ್ಷಪ್ಪನವರ ತಂದೆ ಹೇಳುತ್ತಿದ್ದರು. ಕಾಗದಪತ್ರದಲ್ಲಿ ಅದಕ್ಕೆ ಆಧಾರವಿಲ್ಲ. ನೋಂದಣಿ ಪುಸ್ತಕದ ಮೊದಲ ಹೆಸರು ಮುಂಬೈಯ ಜವಳಿ ಗಿರಣಿಯೊಂದರಲ್ಲಿ ಯಂತ್ರ ಕೂರಿಸಲು ಬಂದಿದ್ದ ಇಟಲಿಯ ಎಂಜಿನಿಯರೊಬ್ಬರದು. ಅವರು ಅದನ್ನು ಹಡಗಿನಲ್ಲಿ ತಂದಿದ್ದರು. ದೇಶಕ್ಕೆ ವಾಪಸಾಗುವಾಗ, 1964ರಲ್ಲಿ, ಬಳ್ಳಾರಿಯ ಹತ್ತಿ ವ್ಯಾಪಾರಿಯೊಬ್ಬರಿಗೆ ಕೊಟ್ಟರು. ಆ ವ್ಯಾಪಾರಿಯಿಂದ 1972ರಲ್ಲಿ ಸಿರುಗುಪ್ಪಕ್ಕೆ ಬಂತು. ಮೂರು ಹೆಸರು, ಮೂರು ಸಹಿ. ರಾಜರಿಲ್ಲ. ಕಾರಿನ ಬಾಡಿ ಕಟ್ಟಿದ್ದು ಟ್ಯೂರಿನ್ ನಗರದ ಪಿನಿನ್‌ಫರಿನಾ ಕಾರ್ಖಾನೆ. ಎಂಜಿನ್ 1,221 ಸಿ.ಸಿ. ಸಿರುಗುಪ್ಪದಲ್ಲಿ ಅದನ್ನು ನೋಡಿಕೊಂಡವರು ಗಿರಣಿಯ ಡ್ರೈವರ್ ಎರ್ರಿ. ನಲವತ್ತು ವರ್ಷ ಬೇರೆ ಯಾರಿಗೂ ಬಾನೆಟ್ ಮುಟ್ಟಲು ಬಿಡದ ಎರ್ರಿ 2021ರಲ್ಲಿ ತೀರಿಕೊಂಡರು. ಆಮೇಲೆ ಕಾರು ರಸ್ತೆಗೆ ಇಳಿದದ್ದು ಒಂದೇ ಸಲ.

ವಾಲ್ಮೀಕಿ ಬಿಚ್ಚಿದ ಪ್ರತಿಯೊಂದು ಭಾಗವನ್ನೂ ಹಾಲಿನ ಪಾಕೀಟಿನ ಖಾಲಿ ಕವರಿನಲ್ಲಿ ಹಾಕಿ, ಚೀಟಿ ಕಟ್ಟಿ, ಗೋಡೆಯ ಮೊಳೆಗೆ ತೂಗು ಹಾಕಿದರು. ಮಾರ್ಚ್ ಮುಗಿಯುವ ಹೊತ್ತಿಗೆ ಗೋಡೆಯಲ್ಲಿ ಜಾಗ ಉಳಿದಿರಲಿಲ್ಲ. ನೀರಿನ ಪಂಪು ಮತ್ತು ಕ್ಲಚ್ ಪ್ಲೇಟು ಪದ್ಮಿನಿಯವೇ ಹೊಂದಿದವು. ಪಿಸ್ಟನ್ ಹೊಂದಲಿಲ್ಲ. ಪದ್ಮಿನಿಯದು ನಾಲ್ಕು ಮಿಲಿಮೀಟರ್ ಚಿಕ್ಕದು. ಮುಂದಿನ ಎರಡು ಮಡ್‌ಗಾರ್ಡುಗಳಿಗೆ ಬೇವಿನ ಕಟ್ಟಿಗೆಯಲ್ಲಿ ಅಚ್ಚು ಮಾಡಿ, ತಗಡನ್ನು ಅದರ ಮೇಲಿಟ್ಟು ಕೈಯಿಂದ ಬಡಿದರು. ಒಂದಕ್ಕೆ ಹದಿನಾರು ದಿನ ಹಿಡಿಯಿತು, ಇನ್ನೊಂದಕ್ಕೆ ಹನ್ನೊಂದು.

ವಿರೂಪಾಕ್ಷಪ್ಪ ಪ್ರತಿ ಸೋಮವಾರ ಬರುತ್ತಿದ್ದರು. ಅವತ್ತು ಗಿರಣಿಗೆ ರಜೆ. ಹತ್ತು ಗಂಟೆಗೆ ಬಂದು ಒಂದು ಸ್ಟೂಲಿನ ಮೇಲೆ ಕೂತು, ಮಧ್ಯಾಹ್ನ ಎರಡಕ್ಕೆ ಎದ್ದು ಹೋಗುತ್ತಿದ್ದರು. ಚಹಾ ತರಿಸಿದರೆ ಗ್ಲಾಸು ಕೈಯಲ್ಲೇ ಆರುತ್ತಿತ್ತು.

"ಚಾ ಬಿಸಿ ಇದ್ದಾಗ ಕುಡೀರಿ ಸಾವ್ಕಾರ್ರ."

"ಬಿಸಿ ಇದ್ರೂ ಅಷ್ಟ, ಆರಿದ್ರೂ ಅಷ್ಟ. ಸಾರಿನ್ಯಾಗ ಉಪ್ಪು ಐತೋ ಇಲ್ಲೋ ನನಗ ತಿಳೀವಲ್ದು. ಕೊಟ್ರಮ್ಮ ಹೇಳಿದ್ರ ಗೊತ್ತು."

"ಡಾಕ್ಟರ್‌ಗೆ ತೋರಿಸಿದ್ರೇನು?"

"ತೋರಿಸಿದೆ. ನಾಲಿಗಿ ಛಲೋ ಐತಿ ಅಂದ."

ಮಗನ ವಿಷಯ ಅವರು ತೆಗೆದದ್ದು ಒಂದೇ ಸಲ. ವಾಲ್ಮೀಕಿ ಸೀಟಿನ ಕೆಳಗಿನ ಹಳಿ ಉಜ್ಜುತ್ತಿದ್ದಾಗ, ಯಾರನ್ನೂ ನೋಡದೆ, "ಒಂದು ಮಾತು ಹೇಳಿ ಹೋಗಬಹುದಿತ್ತು," ಎಂದರು. ವಾಲ್ಮೀಕಿ ಉಜ್ಜುವುದನ್ನು ನಿಲ್ಲಿಸಿದರು. ಮತ್ತೆ ಉಜ್ಜತೊಡಗಿದರು.

ಮೇ ಮೊದಲ ವಾರ, ಶಾಲೆಗೆ ರಜೆ ಇದ್ದಾಗ, ಶೀಲಾ ಕುರುಗೋಡಿನಿಂದ ಬಸ್ಸಿನಲ್ಲಿ ಬಂದರು. ಅವತ್ತು ಗುರುವಾರ. ಮಾವ ಇರದ ದಿನ ನೋಡಿಯೇ ಬಂದಿದ್ದರು.

"ವಾಲ್ಮೀಕಿ ಅಂದ್ರ ನೀವೇನ್ರಿ? ನಾನು ಶೀಲಾ. ಶಶಿಕಾಂತ್ ಅವರ ಮನಿಯಾಕಿ."

ವಾಲ್ಮೀಕಿ ಕೈ ಒರೆಸಿಕೊಂಡು ಸ್ಟೂಲು ಸರಿಸಿದರು. "ಕುಂದರ್ರಿ ಅಕ್ಕೋರ."

ಅವರು ಕೂರಲಿಲ್ಲ. ಗಾಡಿಯ ಕಡೆಗೂ ನೋಡಲಿಲ್ಲ. "ಒಂದು ಕೇಳಾಕ ಬಂದೀನಿ. ಬ್ರೇಕ್ ತುಳದಿದ್ರೋ ಇಲ್ಲೋ, ಬಿಚ್ಚಿ ನೋಡಿದ್ರ ಗೊತ್ತಾಗತೈತೇನ್ರಿ?"

"ಒಮ್ಮೊಮ್ಮೆ ಗೊತ್ತಾಗತೈತ್ರಿ. ಬ್ರೇಕಿನ ಕೆಲಸ ನಾ ಇನ್ನೂ ಹಿಡಿದಿಲ್ಲ."

"ಗೊತ್ತಾದ್ರ ಹೇಳ್ರಿ. ತುಳದಿಲ್ಲ ಅಂತ ಗೊತ್ತಾದ್ರೂ ಹೇಳ್ರಿ. ನನಗ ಅಂತ ಒಂದೀಟು ಛಲೋ ಮಾಡಿ ಹೇಳಬ್ಯಾಡ್ರಿ."

ಫೋನ್ ನಂಬರನ್ನು ಗೋಡೆಯ ಚೀಟಿಯೊಂದರ ಹಿಂದೆ ಬರೆದು ಹೋದರು. ಬಂದು ಹೋದದ್ದು ಐದು ನಿಮಿಷದ ಒಳಗೆ.

ಜೂನ್ ಎರಡನೆಯ ವಾರ ವಾಲ್ಮೀಕಿ ಬ್ರೇಕಿಗೆ ಕೈ ಹಾಕಿದರು. ನಾಲ್ಕೂ ಗಾಲಿಯ ಬ್ರೇಕ್ ಡ್ರಮ್ಮುಗಳು ನೀಲಿಗೆ ತಿರುಗಿದ್ದವು. ಕಬ್ಬಿಣ ವಿಪರೀತ ಕಾದಾಗ ಬರುವ ಬಣ್ಣ ಅದು. ಒಳಗಿನ ಪಟ್ಟಿಗಳು ಸುಟ್ಟು ಕರಿ ಹೆಂಚಿನಂತಾಗಿದ್ದವು. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಗಾಲಿಗಳಿಗೆ ನೂಕುವ ಮಾಸ್ಟರ್ ಸಿಲಿಂಡರ್ ತೆಗೆದು ಬಿಚ್ಚಲು ನೋಡಿದರೆ, ಒಳಗಿನ ಬಟ್ಟಲಿನಂಥ ರಬ್ಬರು ಹೊರಗೆ ಬರಲೇ ಇಲ್ಲ. ಕೊಕ್ಕೆ ಹಾಕಿ ಎಳೆದರು. ಅದು ನೆನೆದ ಅಲಸಂದಿ ಕಾಳಿನಂತೆ ಉಬ್ಬಿತ್ತು, ಹಿಚುಕಿದರೆ ಬೆರಳು ಒಳಗೆ ಇಳಿಯುತ್ತಿತ್ತು.

ಬಾನೆಟ್ ಒಳಗೆ ಬ್ರೇಕ್ ಆಯಿಲ್ ತುಂಬುವ ಚಿಕ್ಕ ಡಬ್ಬಿಯಲ್ಲಿ ಇನ್ನೂ ಸ್ವಲ್ಪ ದ್ರವ ಉಳಿದಿತ್ತು. ವಾಲ್ಮೀಕಿ ಚಹಾದ ಗ್ಲಾಸಿನಲ್ಲಿ ನೀರು ತುಂಬಿ ಅದನ್ನು ಸುರಿದರು. ಬ್ರೇಕ್ ಆಯಿಲ್ ನೀರಿನಲ್ಲಿ ಕರಗುತ್ತದೆ. ಒಂದಿಷ್ಟು ಕರಗಿತು. ಉಳಿದದ್ದು ಮೇಲೆ ತೇಲಿ ನಿಂತಿತು. ಅದು ಯಂತ್ರಗಳಿಗೆ ಬಿಡುವ ಎಣ್ಣೆ. ಬ್ರೇಕಿನ ರಬ್ಬರಿಗೆ ಆ ಎಣ್ಣೆ ತಗಲಿದರೆ ಉಬ್ಬುತ್ತದೆ. ಉಬ್ಬಿದ ರಬ್ಬರು ಒಮ್ಮೆ ತುಳಿದ ಬ್ರೇಕನ್ನು ಸಡಿಲ ಬಿಡುವುದಿಲ್ಲ. ಗಾಡಿ ಅರ್ಧ ಬ್ರೇಕ್ ಹಿಡಿದುಕೊಂಡೇ ಓಡುತ್ತದೆ, ಪಟ್ಟಿಗಳು ಕಾಯುತ್ತವೆ, ಸುಡುತ್ತವೆ. ಸಿರುಗುಪ್ಪದಿಂದ ಆ ತಿರುವಿಗೆ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು. ಅಲ್ಲಿಗೆ ಬರುವಷ್ಟರಲ್ಲಿ ಪೆಡಲ್ ತುಳಿದರೂ ಹಿಡಿಯಲು ಏನೂ ಉಳಿದಿರಲಿಲ್ಲ. ಗಾಲಿ ನಿಲ್ಲದಿದ್ದರೆ ರಸ್ತೆಯ ಮೇಲೆ ಗುರುತು ಬೀಳುವುದಿಲ್ಲ.

ಬ್ರೇಕ್ ಹಾಳಾಗಿತ್ತು ಎಂಬುದಕ್ಕೆ ಇಷ್ಟು ಸಾಕು. ಶಶಿಕಾಂತ್ ತುಳಿದಿದ್ದರು ಎಂಬುದಕ್ಕೆ ಸಾಲದು. ವಾಲ್ಮೀಕಿ ಗೋಡೆಯಿಂದ ಹ್ಯಾಂಡ್ ಬ್ರೇಕಿನ ಚೀಟಿ ತೆಗೆದು ನೋಡಿದರು. ಫೆಬ್ರವರಿಯಲ್ಲಿ ತಾವೇ ಬರೆದಿದ್ದರು: ಹಿಡಿಕೆ ಪೂರ್ತಿ ಮೇಲಕ್ಕೆ, ಕೊನೆಯ ಹಲ್ಲಿನಲ್ಲಿ ಕೂತಿದೆ. ಗಾಡಿಯನ್ನು ಲಾರಿಗೆ ಏರಿಸುವಾಗ ಯಾರಾದರೂ ಅದನ್ನು ಎಳೆದಿರಬಹುದು. ಮುಂದಿನ ಸೋಮವಾರ ವಿರೂಪಾಕ್ಷಪ್ಪನವರಿಂದ ಪೊಲೀಸ್ ಫೋಟೋಗಳ ನಕಲು ಕೇಳಿ ಪಡೆದರು. ಒಟ್ಟು ಒಂಬತ್ತು. ಗದ್ದೆಯಲ್ಲಿ, ಗಾಡಿಯನ್ನು ಯಾರೂ ಎತ್ತುವ ಮೊದಲು ತೆಗೆದ ಏಳನೆಯ ಫೋಟೋದಲ್ಲಿ ಎರಡು ಸೀಟುಗಳ ನಡುವೆ ಹಿಡಿಕೆ ಕಾಣುತ್ತಿತ್ತು. ಅದು ಮೇಲಕ್ಕೆ ನಿಂತಿತ್ತು.

ಅವರು ವಿರೂಪಾಕ್ಷಪ್ಪನವರಿಗೆ ಅಲ್ಲೇ ಹೇಳಿದರು.

"ಬ್ರೇಕ್ ಹಿಡಿದಿಲ್ರಿ ಸಾವ್ಕಾರ್ರ. ಚಿಕ್ಕ ಸಾವ್ಕಾರ್ರು ಮೊದಲು ಕಾಲ್ಲೆ ತುಳದಾರ. ಅದು ಹಿಡೀಲಿಲ್ಲ ಅಂತ ಕೈಲೆ ಎಳದಾರ. ನಿಲ್ಲಸಾಕ ನೋಡ್ಯಾರ್ರಿ."

ವಿರೂಪಾಕ್ಷಪ್ಪ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. "ಖಾತ್ರಿ ಏನು?"

"ಖಾತ್ರಿ ರಿ."

"ಯಾಕ ಹಿಡೀಲಿಲ್ಲ?"

"ರಬ್ಬರ್ ಕೆಟ್ಟಿದ್ವು."

ಎಣ್ಣೆಯ ಮಾತನ್ನು ವಾಲ್ಮೀಕಿ ಎತ್ತಲಿಲ್ಲ. ಯಾರು ಹಾಕಿದ್ದೆಂದು ತಿಳಿಯದೆ ಹೇಳಿದರೆ ಗಿರಣಿಯ ಇಪ್ಪತ್ತು ಮೂವತ್ತು ಜನ ಆಳುಗಳ ಮೇಲೆ ಸಂಶಯ ಬರುತ್ತಿತ್ತು.

ಶೀಲಾ ಅವರಿಗೆ ಹೇಳಲು ಭಾನುವಾರ ಕುರುಗೋಡಿಗೆ ಹೋದರು. ಹಿತ್ತಲಲ್ಲಿ ಬಟ್ಟೆ ಒಣ ಹಾಕುತ್ತಿದ್ದ ಶೀಲಾ ಒದ್ದೆ ಟವೆಲನ್ನು ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡರು. ಅವರಿಗೆ ವಾಲ್ಮೀಕಿ ಎಣ್ಣೆಯದನ್ನೂ ಮುಚ್ಚಿಡಲಿಲ್ಲ. ಏನಿದ್ದರೂ ಹೇಳಿ ಎಂದು ಕೇಳಿದ್ದರಲ್ಲ.

"ಯಾರರೆ ಬೇಕಂತ ಹಾಕ್ಯಾರೇನ್ರಿ?"

"ಬೇಕಂತ ಮಾಡೋರು ಪೈಪ್ ಕೊಯ್ತಾರ್ರಿ ಅಕ್ಕೋರ. ಇದು ತಿಳೀದ ಮಾಡಿದ್ದು."

"ಹಂಗಾದ್ರ ನನ್ನ ಕರಿಯಾಕಂತ ಬಂದಾರ," ಎಂದರು ಶೀಲಾ. ಟವೆಲನ್ನು ತಂತಿಗೆ ಹಾಕಿ ತುದಿಗಳನ್ನು ಸರಿ ಮಾಡಿದರು. ಅಳು ಬರುತ್ತದೆಂದು ವಾಲ್ಮೀಕಿ ಕಾದರು. ಬರಲಿಲ್ಲ. "ಊಟ ಮಾಡಕೊಂಡು ಹೋಗ್ರಿ," ಎಂದರು.

ಸಿರುಗುಪ್ಪದಲ್ಲಿ ಕೊಟ್ರಮ್ಮ ಇದನ್ನು ನಂಬಲಿಲ್ಲ. "ಬಾಯಿಮಾತು ಅಂತಾಳ," ಎಂದು ವಿರೂಪಾಕ್ಷಪ್ಪ ಮುಂದಿನ ಸೋಮವಾರ ವರದಿ ಮಾಡಿದರು. "ರಬ್ಬರ್ ತಾನಾಗೇ ಕೆಡ್ತಾವೇನು, ಎರ್ರಿ ಇದ್ದಾಗ ನಲವತ್ತು ವರ್ಷ ಕೆಡಲಿಲ್ಲ, ಇವಾಗ್ಯಾಕ ಕೆಟ್ವು ಅಂತ ಕೇಳ್ತಾಳ." ವಾಲ್ಮೀಕಿ ಸ್ಪ್ಯಾನರ್ ಹುಡುಕತೊಡಗಿದರು. ಶೀಲಾ ಕುರುಗೋಡಿನಲ್ಲೇ ಉಳಿದರು.

ಕೆಲಸ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಮೂಲ ಬಣ್ಣ ಕೆನೆ ಬಿಳಿ. ಡಿಕ್ಕಿಯ ಒಳಮೂಲೆಯಲ್ಲಿ ಉಳಿದಿದ್ದ ಒಂದು ಚೂರು ನೋಡಿ ಅದನ್ನೇ ಕಲಸಿ ಹೊಡೆದಿದ್ದರು. ಎಂಜಿನ್ ಮೊದಲ ಸಲಕ್ಕೇ ಶುರುವಾಯಿತು. ವಿರೂಪಾಕ್ಷಪ್ಪ ಒಮ್ಮೆ ಸುತ್ತ ಬಂದು, "ಹಂಗ ಐತಿ," ಎಂದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಆಯುಧ ಪೂಜೆಯನ್ನು ಇಲ್ಲೇ ಮಾಡಿ ಗಾಡಿ ಒಯ್ಯುವುದೆಂದು ಹೇಳಿ, ಶೀಲಾ ಅವರಿಗೆ ತಾವೇ ಫೋನ್ ಮಾಡಿ ಬರಲು ಹೇಳಿದರು. ಎರಡು ವರ್ಷದಲ್ಲಿ ಅದು ಮೊದಲ ಫೋನು.

ಅಕ್ಟೋಬರ್ 1, ಬುಧವಾರ. ಕೌಲ್ ಬಜಾರಿನ ಗ್ಯಾರೇಜುಗಳ ಮುಂದೆಲ್ಲ ಬೂದಗುಂಬಳ ಒಡೆಯುತ್ತಿದ್ದರು. ಆಟೋಗಳು ಬೀದಿಯಲ್ಲಿ ಹೋಗುವಾಗ ಅವಕ್ಕೆ ಕಟ್ಟಿದ ಬಾಳೆಕಂದುಗಳು ಒಂದಕ್ಕೊಂದು ತಾಗುತ್ತಿದ್ದವು. ಪ್ರದೀಪ ತಮ್ಮ ಅಂಗಡಿಯ ಮಂಡಕ್ಕಿ ಪ್ರಸಾದವನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟು ಹೋದರು. ವಾಲ್ಮೀಕಿ ಬಾನೆಟ್ ಎತ್ತಿ ನಿಲ್ಲಿಸಿದ್ದರು. ಕುರುಗೋಡಿನಿಂದ ಬಂದ ಶೀಲಾ ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತಿದ್ದರು. ವಿರೂಪಾಕ್ಷಪ್ಪ ವಿಭೂತಿ ಎಳೆದು, ಕುಂಕುಮ ಹಚ್ಚಿ, ಹೂವಿಟ್ಟರು. ಆಮೇಲೆ ಚೀಲದಿಂದ ಒಂದು ಸ್ಟೀಲಿನ ಡಬ್ಬಿ ಮತ್ತು ಚಮಚ ತೆಗೆದರು. ಡಬ್ಬಿಯಲ್ಲಿ ಗಿರಣಿಯ ಎಣ್ಣೆ ಇತ್ತು.

"ನಮ್ಮ ಗಿರಣ್ಯಾಗ ನಮ್ಮಜ್ಜನ ಕಾಲದಿಂದ ಐತಿ ಇದು," ಎಂದರು. "ಈ ದಿನ ಎಲ್ಲಾ ಮಷೀನಿಗೂ ಯಜಮಾನನ ಕೈಲೆ ಎಣ್ಣಿ ಉಣಸಬೇಕು. ಮುಚ್ಚಳ ಇದ್ದಲ್ಲೆಲ್ಲ ಒಂದೊಂದು ತುತ್ತು. ಈ ಗಾಡಿಗೆ ಎರ್ರಿ ತಾನ ಉಣಸ್ತಿದ್ದ, ನನಗ ಮುಟ್ಟಾಕ ಬಿಡ್ತಿದ್ದಿಲ್ಲ. ಅವ ಹ್ವಾದ ಮ್ಯಾಲೆ ನಾನ ಉಣಸೀನಿ."

ಎಂಜಿನ್ನಿಗೆ ಒಂದು ಚಮಚ ಹಾಕಿದರು. ಬಾಗಿಲಿನ ಕೀಲುಗಳಿಗೆ ಒಂದೊಂದು ಹನಿ ಬಿಟ್ಟರು. ಆಮೇಲೆ ಬಾನೆಟ್ ಒಳಗಿನ ಚಿಕ್ಕ ಡಬ್ಬಿಯ ಮುಚ್ಚಳ ತಿರುಗಿಸಿ ತೆಗೆದು, ಚಮಚ ಅದ್ದಿದರು.

ವಾಲ್ಮೀಕಿ ಆ ಡಬ್ಬಿಯ ಬಾಯಿಯ ಮೇಲೆ ಅಂಗೈ ಇಟ್ಟರು.

"ಅಲ್ಲಿ ಬ್ಯಾಡ್ರಿ."

"ಯಾಕ? ಹ್ವಾದ ಸಲಾನೂ ಉಣಸೀನಲ್ಲ."

ಶೀಲಾ ಮುಂದೆ ಬಂದು, "ಕೊಡ್ರಿ ಮಾವ್ರ, ಇಲ್ಲಿ ಕೊಡ್ರಿ," ಎಂದು ಎಣ್ಣೆಯ ಡಬ್ಬಿಗೆ ಕೈ ಚಾಚಿದರು. ವಿರೂಪಾಕ್ಷಪ್ಪ ಕೊಡಲಿಲ್ಲ. ಇಬ್ಬರ ಮುಖವನ್ನೂ ನೋಡಿದರು.

"ಇದು ಯಾತರ ಡಬ್ಬಿ?"

"ಬ್ರೇಕಿಂದ್ರಿ," ಎಂದರು ವಾಲ್ಮೀಕಿ.

"ರಬ್ಬರ್ ಕೆಟ್ಟಿದ್ವು ಅಂದಿದ್ದಿ. ಇದರಿಂದ ಏನು?"

ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ವಾಲ್ಮೀಕಿ ಶೀಲಾ ಅವರ ಕಡೆ ನೋಡಿದರು. ಅವರು ನೆಲ ನೋಡುತ್ತಿದ್ದರು.

"ಹೂಂ ರಿ. ಒಮ್ಮೆ ಬಿದ್ರ ಸಾಕು. ಅವು ಒಂದು ವರ್ಷ ಅದರಾಗ ನೆಂದಿದ್ವು."

ವಿರೂಪಾಕ್ಷಪ್ಪ ಚಮಚದ ಎಣ್ಣೆಯನ್ನು ಮತ್ತೆ ತಮ್ಮ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಚೀಲದಲ್ಲಿಟ್ಟರು. ಸ್ಟೂಲಿನ ಮೇಲೆ ಕೂತರು. ಪಕ್ಕದಲ್ಲಿ ಯಾರೋ ಕುಂಬಳಕಾಯಿ ಒಡೆದರು, ತುಂಡೊಂದು ಬಾಗಿಲ ತನಕ ಉರುಳಿ ಬಂತು. ಅವರ ಕಣ್ಣು ಒಣಗಿತ್ತು.

"ಹಾಳಿ ತಗೋ," ಎಂದರು ಕೊನೆಗೆ. "ಏನೇನು ನೋಡಿದಿ, ಎಲ್ಲಾ ಬರಿ. ಕೆಳಗ ನಿನ್ನ ಸಹಿ, ನನ್ನ ಸಹಿ."

"ಎಣ್ಣಿ ಬಿದ್ದಿತ್ತು ಅಂತ ಅಷ್ಟ ಬರೀರಿ ಅಣ್ಣಾರ," ಎಂದರು ಶೀಲಾ. "ಯಾರು ಹಾಕಿದ್ರು ಅನ್ನೋದು ಬ್ಯಾಡ."

"ಎಣ್ಣಿ ತಾನಾಗೇ ಬೀಳತೈತೇನವಾ? ನಿಮ್ಮತ್ತಿ ಅದನ್ನ ಕೇಳಾಕಿ. ಕೇಳೋದು ಖರೇನೂ ಐತಿ."

"ಎರಡು ವರ್ಷ ತಡಕೊಂಡೀನ್ರಿ. ಇನ್ನೂ ತಡಕೋತೀನಿ. ನೀವು ಈ ವಯಸ್ಸಿನ್ಯಾಗ..."

"ನೀ ಯಾಕ ತಡಕೋಬೇಕು?" ಅವರು ದನಿ ಏರಿಸಲಿಲ್ಲ. "ನನ್ನ ಮಗ ಸಾಯಾಕ ಹ್ವಾದ ಅಂತ ನಾನೂ ನಂಬಿದ್ದೆ. ನಿನ್ನ ಮುಂದ ಅನ್ನಲಿಲ್ಲ, ಅಷ್ಟ. ಬರಿ ವಾಲ್ಮೀಕಿ."

ವಾಲ್ಮೀಕಿ ಬಾನೆಟ್ ಇಳಿಸಿ, ಅದರ ಮೇಲೆ ಹಾಳೆ ಇಟ್ಟು ಬರೆದರು. ಡ್ರಮ್ಮಿನ ಬಣ್ಣ, ರಬ್ಬರಿನ ಸ್ಥಿತಿ, ನೀರಿನ ಪರೀಕ್ಷೆ, ಏಳನೆಯ ಫೋಟೋ, ಹ್ಯಾಂಡ್ ಬ್ರೇಕಿನ ಕೊನೆಯ ಹಲ್ಲು. ಒಂದು ಪುಟಕ್ಕೆ ಸ್ವಲ್ಪ ಕಡಿಮೆ ಆಯಿತು. ಓದಿ ಹೇಳು ಎಂದಾಗ ಓದಿದರು. ಕೊನೆಯ ಭಾಗ ಹೀಗಿತ್ತು: 2022 ಮತ್ತು 2023ರ ಆಯುಧ ಪೂಜೆಯಂದು ಮಾಲೀಕರಾದ ವಿರೂಪಾಕ್ಷಪ್ಪನವರು ತಿಳಿಯದೆ ಬ್ರೇಕಿನ ಡಬ್ಬಿಗೆ ಒಂದೊಂದು ಚಮಚ ಗಿರಣಿಯ ಎಣ್ಣೆ ಹಾಕಿದ್ದರಿಂದ ಬ್ರೇಕು ಕೆಟ್ಟಿದೆ. ಓಡಿಸುತ್ತಿದ್ದವರು ಗಾಡಿ ನಿಲ್ಲಿಸಲು ಎರಡೂ ಬ್ರೇಕು ಬಳಸಿದ್ದಾರೆ.

"ಒಂದೊಂದಲ್ಲ," ಎಂದರು ವಿರೂಪಾಕ್ಷಪ್ಪ. "ಮೊದಲನೇ ವರ್ಷ ಒಂದು. ಎರಡನೇ ವರ್ಷ ಎರಡು. ನಾಡಿದ್ದು ಶೀಲಾನ ಕರಕೊಂಡು ಬರಾಕ ಇದರಾಗ ಹೋಗ್ತೀನಪ್ಪಾ ಅಂದ ಶಶಿ. ಬಾಳ ದಿನಕ್ಕ ರಸ್ತೆಗೆ ಇಳೀತೈತಿ ಅಂತ ನಾನ ಒಂದು ಜಾಸ್ತಿ ಹಾಕಿದೆ."

ವಾಲ್ಮೀಕಿ ಆ ಪದ ಹೊಡೆದುಹಾಕಿ ಮೇಲೆ ತಿದ್ದಿ ಬರೆದು, ಕೆಳಗೆ ಸಹಿ ಹಾಕಿದರು. ವಿರೂಪಾಕ್ಷಪ್ಪ ಹಾಳೆಯ ಕೆಳಗೆ ಸಹಿ ಮಾಡಿ, ತಿದ್ದಿದ ಜಾಗದ ಪಕ್ಕದಲ್ಲೂ ಒಂದು ಸಹಿ ಹಾಕಿದರು. ಮಡಚಿ ಜೇಬಿನಲ್ಲಿಟ್ಟುಕೊಂಡರು.

"ನೀನೂ ಬಾರವಾ ಸಿರುಗುಪ್ಪಕ್ಕ," ಎಂದರು ಸೊಸೆಗೆ. "ನಿಮ್ಮತ್ತಿಗೆ ನಾ ಇದನ್ನ ಓದೂವಾಗ ನೀ ಎದುರಿಗೆ ಇರಬೇಕು."

ಶೀಲಾ ಚಪ್ಪಲಿ ಮೆಟ್ಟಿದರು. ಗಾಡಿಯ ಕೀಲಿ ಎಲ್ಲಿಡಲಿ ಎಂದು ವಾಲ್ಮೀಕಿ ಕೇಳಿದರು. ವಿರೂಪಾಕ್ಷಪ್ಪ ಆಗಲೇ ಬೀದಿಗೆ ಇಳಿದು, ಬಸ್ ನಿಲ್ದಾಣಕ್ಕೆ ಹೋಗಲು ಆಟೋ ನಿಲ್ಲಿಸುತ್ತಿದ್ದರು.